ರೊನೋ ದಾ ಇಲ್ಲದ ಮೊದಲ ಚುನಾವಣೆ

ಹಾಫ್ಲಾಂಗ್
12 ಮೇ 2024

ಪ್ರೀತಿಯ ಅಕ್ಕ,

ಫೋನಿನಲ್ಲೇ ಹೇಳಬಹುದಾಗಿತ್ತು. ಆದರೆ ಈ ಗುಡ್ಡಗಾಡಿನಲ್ಲಿ ಫೋನು ಮೂರು ಮಾತಿಗೊಮ್ಮೆ ಕಡಿದುಹೋಗುತ್ತದೆ. ಮೇಲಾಗಿ ಅಪ್ಪನ ಕಟ್ಟಳೆಯೊಂದು ಇದೆಯಲ್ಲ, ಮನೆಯವರು ಮನೆಯವರಿಗೆ ಕನ್ನಡದಲ್ಲೇ ಕಾಗದ ಬರೆಯಬೇಕು, ಇಲ್ಲದಿದ್ದರೆ ಕಲ್ಕತ್ತಾದಲ್ಲಿ ಬೆಳೆದ ಮಕ್ಕಳಿಗೆ ಅಕ್ಷರ ಮರೆತುಹೋಗುತ್ತದೆ ಎಂದು. ಅಪ್ಪ ಹೋಗಿ ಇಷ್ಟು ವರ್ಷವಾದರೂ ಅವರ ಹೆದರಿಕೆ ಮಾತ್ರ ಹೋಗಿಲ್ಲ.

ಮೌಶುಮಿ ಬೌದಿ ಫೋನ್ ಮಾಡಿದ್ದರು. ಜೂನ್ ಒಂದಕ್ಕೆ ನಿಮ್ಮಲ್ಲಿ ಮತದಾನ. ಆ ಸಂಜೆ ರೊನೋ ದಾನ ಗ್ಯಾರೇಜಿನಲ್ಲಿ ಎಂದಿನ ಹಾಗೆ ಹಾಡು ನಡೆಯಬೇಕು ಎಂದು ಹಳಬರೆಲ್ಲ ಹಟ ಹಿಡಿದಿದ್ದಾರಂತೆ. ಗಂಡ ರೊನೋ ದಾ ಸತ್ತ ಮೇಲೆ ಬೌದಿ ಆ ಗ್ಯಾರೇಜಿನ ಬಾಗಿಲು ತೆಗೆದದ್ದೇ ಕಡಿಮೆ. ಈ ಸಲ ತೆಗೆಯುತ್ತಾರೆ. ಅವನಿಲ್ಲದ ಮೊದಲ ಚುನಾವಣೆ ಇದು.

ನಿನಗೆ ಎಲ್ಲ ಗೊತ್ತು. ಆದರೂ ಬರೆಯುತ್ತೇನೆ, ಬರೆದರೆ ಅವನು ಇನ್ನೊಮ್ಮೆ ಎದುರಿಗೆ ಬಂದು ನಿಲ್ಲುತ್ತಾನೆ. ನಮ್ಮ ಟಾಲಿಗಂಜ್ ಓಣಿಯ ತುದಿಯ ಕಾರಿಲ್ಲದ ಗ್ಯಾರೇಜು, ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಬಡಿದ ಗೋಣಿಚೀಲ, ನಡುವೆ ಗಿಟಾರ್ ತೂಗುಹಾಕಿಕೊಂಡ ಒಣಕಲು ಮನುಷ್ಯ. ದಕ್ಷಿಣ ಕಲ್ಕತ್ತಾದ ಹುಡುಗರೆಲ್ಲ ಅವನ ರಾಕ್ ಹಾಡುಗಳಿಗೆ ಹುಚ್ಚೆದ್ದು ಕುಣಿಯುತ್ತಿದ್ದ ಕಾಲದಲ್ಲಿ ಅವನು ತನ್ನ ಡ್ರಮ್ಮಿನವನ, ಅಂದರೆ ನಮ್ಮ, ಮನೆಗೆ ಬಿಸಿಬೇಳೆಭಾತ್ ತಿನ್ನಲು ಬರುತ್ತಿದ್ದ. ಮತದಾನದ ಸಂಜೆಯ ಹಾಡಿಗೆ ಟಿಕೆಟ್ ಇರುತ್ತಿರಲಿಲ್ಲ, ಎಡಗೈ ತೋರುಬೆರಳಿನ ಶಾಯಿಯೇ ಟಿಕೆಟ್. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ ಎಂದು ಅಪ್ಪ ಜಂಬ ಕೊಚ್ಚಿಕೊಂಡ ಮೇಲೆ ರೊನೋ ದಾ ನನ್ನನ್ನು ‘ಟಿಕೆಟ್ ಪ್ರಿಂಟರ್’ ಎಂದೇ ಕರೆಯುತ್ತಿದ್ದ.

ನನಗೆ ರಜೆ ಸಿಗುವುದಿಲ್ಲ. ಮಳೆಗಾಲ ಹತ್ತಿರ ಬಂತು, ಗುಡ್ಡ ಜರಿಯುವ ಹೊತ್ತಿಗೆ ರೈಲ್ವೆ ಸಿಗ್ನಲ್ ವಿಭಾಗದವನು ಊರು ಬಿಡುವ ಹಾಗಿಲ್ಲ. ಆದ್ದರಿಂದ ಎರಡು ಕೆಲಸ ನಿನ್ನ ತಲೆಗೆ. ಒಂದು, ಇದರ ಜೊತೆಗಿಟ್ಟಿರುವ ಪುಟವನ್ನು ಆ ಸಂಜೆ ನನ್ನ ಪರವಾಗಿ ಓದಬೇಕು. ನನ್ನ ಮೊದಲ ಓಟಿನ ಕಥೆ ಅದು. ಯಾರಿಗೆ ಹಾಕಿದೆ ಎಂದು ಅವನು ಕೇಳಲಿಲ್ಲ, ಯಾಕೆ ಹಾಕಿದೆ ಎಂದು ಕೇಳಿದ. ಓಣಿಯವರೆಲ್ಲ ಹಾಕಿದರು ಎಂದೆ. ‘ಹಾಗಾದರೆ ನೀನು ಹಾಕಿಲ್ಲ, ಓಣಿ ಹಾಕಿದೆ’ ಎಂದು ಹೇಳಿ ಡ್ರಮ್ಮಿನ ಕಡ್ಡಿ ಕೈಗಿಟ್ಟ.

ಇನ್ನೊಂದು, ಅಮ್ಮ. ಅಪ್ಪ ಹೋದ ಮೇಲೆ ಪ್ರತಿ ಚುನಾವಣೆಯ ಬೆಳಿಗ್ಗೆ ‘ಮಾಶಿಮಾ, ಚಲೋ’ ಎಂದು ಬಾಗಿಲಿಗೆ ಬಂದು ಅಮ್ಮನನ್ನು ರಿಕ್ಷಾದಲ್ಲಿ ಬೂತಿಗೆ ಕರೆದೊಯ್ಯುತ್ತಿದ್ದವನು ಅವನು. ರಾತ್ರಿಯೆಲ್ಲ ಹಾಡಿ ಗಂಟಲು ಕಟ್ಟಿದ್ದರೂ ತಪ್ಪಿಸಿದವನಲ್ಲ. ಇನ್ನು ಅದು ನಿನ್ನ ಪಾಲಿಗೆ.

ನಿನ್ನ
ಶ್ರೀವತ್ಸ


ಟಾಲಿಗಂಜ್
22 ಮೇ 2024

ಶ್ರೀವತ್ಸಾ,

ನಿನ್ನ ಪುಟ ಓದಿ ಅತ್ತೆ, ಆಮೇಲೆ ನಿನ್ನ ಕಾಗುಣಿತ ನೋಡಿ ನಕ್ಕೆ. ಓದುತ್ತೇನೆ, ಚಿಂತೆ ಬೇಡ. ಎಸ್ಪ್ಲನೇಡ್ ಬ್ರಾಂಚಿನಲ್ಲಿ ಗ್ರಾಹಕರ ಬೈಗುಳ ಕೇಳಿ ಕೇಳಿ ನನ್ನ ಗಂಟಲೂ ರಾಕ್ ಹಾಡುಗಾರರಂತೆಯೇ ಆಗಿದೆ.

ಇಲ್ಲಿ ಬಿಸಿಲು ತಲೆ ಸೀಳುವಂತಿದೆ. ಮೆಟ್ರೋದಿಂದ ಇಳಿದು ಮನೆಗೆ ಬರುವಷ್ಟರಲ್ಲಿ ಸೀರೆ ಹಿಂಡಬೇಕು. ಅಮ್ಮ ಮಾತ್ರ ಹಬ್ಬ ಬಂದವರ ಹಾಗೆ ಇದ್ದಾಳೆ. ಮತದಾನಕ್ಕೆಂದು ಮೈಸೂರು ಸಿಲ್ಕ್ ಸೀರೆಯನ್ನು ಆಗಲೇ ಬಿಸಿಲಿಗೆ ಹಾಕಿ ತೆಗೆದಿಟ್ಟಾಯಿತು. ಯಾವ ಅಭ್ಯರ್ಥಿ ಬಂದರೂ ಬಾಲ್ಕನಿಯಿಂದಲೇ ತನ್ನ ಮುರುಕು ಬಂಗಾಳಿಯಲ್ಲಿ, ಮಳೆ ಬಂದರೆ ಓಣಿಯಲ್ಲಿ ಮೊಣಕಾಲು ನೀರು ನಿಲ್ಲುತ್ತದಲ್ಲ, ಅದಕ್ಕೇನು ಮಾಡುತ್ತೀರಿ ಎಂದು ಕೇಳುತ್ತಾಳೆ. ರೊನೋ ದಾ ಹೇಳಿಕೊಟ್ಟ ಪಾಠವಂತೆ, ಕೇಳದೆ ಓಟು ಹಾಕಬಾರದು. ಮೂವರನ್ನು ಕೇಳಿದ್ದಾಳೆ. ಒಬ್ಬಳು ಮಾತ್ರ ನಿಂತು ಉತ್ತರ ಕೊಟ್ಟಳಂತೆ. ಅಮ್ಮನ ಓಟು ಯಾರಿಗೆಂದು ನಿರ್ಧಾರವಾದ ಹಾಗಿದೆ, ನನಗೂ ಹೇಳುತ್ತಿಲ್ಲ.

ನಮ್ಮ ಕೇರಿಯ ಕ್ಲಬ್ಬಿನ ತಪನ್ ನಿನಗೆ ನೆನಪಿರಬೇಕು. ಅಮ್ಮನ ಸೊಂಟದ ಮೂಳೆ ಮುರಿದಾಗ ಆಂಬುಲೆನ್ಸ್ ತಂದು ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತವನು. ಈಗ ಪಕ್ಷವೊಂದರ ಪರವಾಗಿ ಚುನಾವಣೆಯ ಓಡಾಟದಲ್ಲಿದ್ದಾನೆ. ಮೊನ್ನೆ ಓಟಿನ ಚೀಟಿ ಕೊಡಲು ಬಂದವನು, ಇಷ್ಟು ಬಿಸಿಲಲ್ಲಿ ಬರುತ್ತೀರೋ ಇಲ್ಲವೋ ಎಂದು ವಿಚಾರಿಸಿದ. ಏನೋ ನಗುತ್ತಾ ಹೇಳಿ ಕಳಿಸಿದೆ. ಹಾಲು ಒಲೆಯ ಮೇಲಿತ್ತು.

ನಿನ್ನ ಪುಟವನ್ನು ಬಂಗಾಳಿಗೆ ಮಾಡಿಕೊಂಡು ಓದಬೇಕಲ್ಲ, ಅದರ ತಯಾರಿ ನಡೆಸಿದ್ದೇನೆ.

ಅಕ್ಕ


ಟಾಲಿಗಂಜ್
3 ಜೂನ್ 2024

ಶ್ರೀವತ್ಸಾ,

ಎಲ್ಲ ಚೆನ್ನಾಗಿ ಆಯಿತು. ಗ್ಯಾರೇಜು ತುಂಬಿ ಓಣಿಯವರೆಗೆ ಜನ ನಿಂತಿದ್ದರು. ಮದ್ಯದಂಗಡಿ ಮುಚ್ಚಿದ ದಿನವಾದ್ದರಿಂದ ಎಲ್ಲರಿಗೂ ಚಹಾ ಮತ್ತು ಮಂಡಕ್ಕಿ. ಬೌದಿ ಬಾಗಿಲಲ್ಲಿ ಟಾರ್ಚ್ ಹಿಡಿದು ಒಬ್ಬೊಬ್ಬರ ಬೆರಳೂ ನೋಡಿ ಒಳಗೆ ಬಿಟ್ಟರು. ನಿನ್ನದನ್ನು ಓದಿದೆ. ಚಪ್ಪಾಳೆ ತಟ್ಟಿದರು.

ಅಮ್ಮನಿಗೆ ಓಟು ಹಾಕಲಾಗಲಿಲ್ಲ. ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅದರ ಬಗ್ಗೆ ಅವಳ ಹತ್ತಿರ ಹೆಚ್ಚು ಮಾತಾಡಬೇಡ, ನೊಂದುಕೊಳ್ಳುತ್ತಾಳೆ.

ಬ್ಯಾಂಕಿನಲ್ಲಿ ಕೆಲಸ ಬಹಳ. ಮತ್ತೆ ಬರೆಯುತ್ತೇನೆ.

ಅಕ್ಕ


ಹಾಫ್ಲಾಂಗ್
16 ಜೂನ್ 2024

ಪ್ರೀತಿಯ ಅಕ್ಕ,

ಚಂಡಮಾರುತದ ಮಳೆಗೆ ಇಲ್ಲಿ ಗುಡ್ಡ ಜರಿದು ಹಳಿಯ ಮೇಲೆ ಮಣ್ಣು ಬಿದ್ದಿತ್ತು. ನಿನ್ನ ಕಾಗದ ನಿನ್ನೆ ಕೈಸೇರಿತು. ಅದಕ್ಕೂ ಮುಂಚೆಯೇ ಬೌದಿ ಫೋಟೋ ಕಳಿಸಿದ್ದರು. ಬಿಳಿ ತಾಂತ್ ಹತ್ತಿ ಸೀರೆಯಲ್ಲಿ ನನ್ನ ಡ್ರಮ್ಮಿನ ಪಕ್ಕ ನೀನು, ಶಾಯಿಯ ಬೆರಳನ್ನು ಮೇಲೆತ್ತಿ ಹಿಡಿದಿದ್ದೀಯೆ. ಅಕ್ಕಾ, ನನಗೆ ಎಷ್ಟು ಹೆಮ್ಮೆಯಾಯಿತೆಂದು ಹೇಳಲಾರೆ. ಪ್ರಿಂಟ್ ಹಾಕಿಸಿ ಆಫೀಸಿನ ಗೋಡೆಗೆ ಅಂಟಿಸಿದ್ದೇನೆ. ಓಟಿನ ದಿನ ಮಲಗಿ ಕಳೆದ ನನ್ನ ಕೈಕೆಳಗಿನ ಹುಡುಗರಿಗೆಲ್ಲ, ನೋಡಿ ಇದು ನಮ್ಮಕ್ಕ ಎಂದು ತೋರಿಸುತ್ತೇನೆ. ಫೋಟೋದಲ್ಲಿ ನಿನ್ನ ಮುಖ ಬಾಡಿದೆ. ರೊನೋ ದಾನನ್ನು ನೆನೆದು ಅತ್ತಿರಬೇಕು ಎಂದುಕೊಂಡೆ.

ಅಮ್ಮನ ಸಂಗತಿ ಮಾತ್ರ ನನ್ನ ನಿದ್ದೆ ಕೆಡಿಸಿದೆ. ಮಾತಾಡಬೇಡ ಎಂದು ನೀನು ಬರೆದಿದ್ದೆ, ಆದರೆ ಅವಳೇ ಫೋನಿನಲ್ಲಿ ತೆಗೆದಳು. “ನಿಮ್ಮಪ್ಪ ಹೋದ್ಮೇಲೆ ಅವ್ರ ಹೆಸರು ತೆಗೆಸೋಕೆ ಎರಡು ವರ್ಷ ಅಲೆದ್ವಿ. ನಾನು ಬದುಕಿರೋವಾಗ್ಲೇ ತೆಗೆದುಬಿಟ್ರಾ?” ಎಂದಳು. ಐವತ್ತು ವರ್ಷ ಆ ಊರಿನ ನೀರು ಕುಡಿದವಳು. ಇದನ್ನು ಸುಮ್ಮನೆ ಬಿಡುವುದಿಲ್ಲ. ದೂರು ಕೊಡುತ್ತೇನೆ.

ಶ್ರೀವತ್ಸ


ಹಾಫ್ಲಾಂಗ್
7 ಜುಲೈ 2024

ಅಕ್ಕ,

ಹೋದ ಕಾಗದಕ್ಕೆ ಉತ್ತರವಿಲ್ಲ. ಫೋನ್ ಮಾಡಿದರೆ ಬ್ಯಾಂಕಿನಲ್ಲಿದ್ದೇನೆ ಎನ್ನುತ್ತೀಯೆ, ಭಾನುವಾರವೂ ಬ್ಯಾಂಕೇ?

ಮುಖ್ಯ ವಿಷಯಕ್ಕೆ ಬರುತ್ತೇನೆ. ದೂರು ಬರೆಯುವ ಮೊದಲು ಮತದಾರರ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡಿದೆ. ಅಮ್ಮನ ಹೆಸರು ಇದೆ! ಸುಭದ್ರಾ, ಗಂಡ ನರಸಿಂಹಮೂರ್ತಿ, ನಿನ್ನ ಹೆಸರಿನ ಕೆಳಗೇ ಇದೆ. ಅಂದರೆ ಹೆಸರಿದ್ದೂ ಇಲ್ಲವೆಂದು ಹೇಳಿ ಮುದುಕಿಯನ್ನು ವಾಪಸ್ ಕಳಿಸಿದ್ದಾರೆ. ನನ್ನ ಮೈ ಉರಿದುಹೋಯಿತು. ಆ ಬೂತಿನ ಅಧಿಕಾರಿ ಯಾರೆಂದು ವಿಚಾರಿಸಿದೆ, ಸರ್ಕಾರಿ ಶಾಲೆಯ ಮೇಷ್ಟರಂತೆ. ಅವನ ಮೇಲೆ ದೂರು ಸಿದ್ಧವಾಗಿದೆ. ಕಣ್ಣಾರೆ ಕಂಡವಳು ನೀನು, ನಿನ್ನ ಸಹಿ ಬೇಕು. ಇದರೊಂದಿಗೆ ಇಟ್ಟಿದ್ದೇನೆ, ಸಹಿ ಮಾಡಿ ಕಳಿಸು. ಅವನ ಕೆಲಸ ಹೋದರೂ ಹೋಗಲಿ. ಇಂಥವರಿಗೆ ಬುದ್ಧಿ ಬರಬೇಕು.

ಶ್ರೀವತ್ಸ


ಟಾಲಿಗಂಜ್
20 ಜುಲೈ 2024

ಶ್ರೀವತ್ಸಾ,

ಸಹಿ ಮಾಡಿಲ್ಲ. ಆ ಮೇಷ್ಟರ ತಪ್ಪೇನೂ ಇಲ್ಲ. ತಪ್ಪು ನನ್ನದು. ನಾಚಿಕೆಯಿಂದ ಕೈ ಏಳುತ್ತಿಲ್ಲ, ಆದರೆ ಬರೆಯದಿದ್ದರೆ ಒಬ್ಬ ನಿರಪರಾಧಿಯ ಅನ್ನ ಹೋಗುತ್ತದೆ.

ತಪನ್ ಚೀಟಿ ಕೊಡಲು ಬಂದಾಗ ಏನೋ ಹೇಳಿ ಕಳಿಸಿದೆ ಎಂದು ಬರೆದಿದ್ದೆನಲ್ಲ, ಹೇಳಿದ್ದು ಇದು. “ಈ ಬಿಸಿಲಲ್ಲಿ ನಾವಿಬ್ಬರು ಹೆಂಗಸರು ಎಲ್ಲಿ ಬರೋಣ, ನೀವೇ ನೋಡಿಕೊಳ್ಳಿ.” ತೋಮ್ರಾಯ್ ದೇಖೇ ನಿಯೋ, ಎಂದು ನಗುತ್ತಾ ಹೇಳಿದೆ. ಅವನು ಬೇಗ ಹೋಗಲಿ ಎಂದಿತ್ತು, ಅಷ್ಟೇ. ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಇದೇ ಮಾತಲ್ಲವೇ? ನೀರು ಬರದಿದ್ದರೂ ಬೀದಿ ದೀಪ ಹೋದರೂ, ನಾವು ಹೊರಗಿನವರು, ಇಲ್ಲಿಯವರೇ ನೋಡಿಕೊಳ್ಳಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದು ನನಗೆ ಮರೆತೇಹೋಯಿತು.

ಅಮ್ಮ ಮತದಾನದ ದಿನ ಬೆಳಿಗ್ಗೆಯೇ ಸಿಲ್ಕ್ ಸೀರೆ ಉಟ್ಟು, ತಲೆ ಬಾಚಿ, ಹಾಲ್‌ನಲ್ಲಿ ಕೂತಿದ್ದಳು. ರೊನೋ ದಾ ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಚಪ್ಪಲಿಯನ್ನೂ ಹಾಕಿಕೊಂಡಳು. ನಾನು, ಈಗ ಬೂತಿನಲ್ಲಿ ರಷ್ ಇರುತ್ತದೆ ಅಮ್ಮ, ಆಮೇಲೆ ಹೋಗೋಣ ಎಂದೆ. ಆಮೇಲೆ ಬಿಸಿಲು ಎಂದೆ. ಅವಳು ಸೀರೆ ಬಿಚ್ಚದೆ ಹಾಗೇ ಊಟ ಮಾಡಿದಳು. ನಾನೇನು ಮಾಡುತ್ತಿದ್ದೆ ಗೊತ್ತೇ? ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿನ್ನ ಪುಟ ಓದಿ ಅಭ್ಯಾಸ ಮಾಡುತ್ತಿದ್ದೆ. ಓಟಿನ ಮಹತ್ವ ಹೇಳುವಾಗ ಎಲ್ಲಿ ದನಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು. ತಾಂತ್ ಸೀರೆಗೆ ಗಂಜಿ ಸಾಲದೆಂದು ಇನ್ನೊಮ್ಮೆ ಇಸ್ತ್ರಿ ಹಾಕಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಬಿಸಿಲು ಇಳಿದ ಮೇಲೆ ಟೋಟೋ ರಿಕ್ಷಾದಲ್ಲಿ ಶಾಲೆಯ ಬೂತಿಗೆ ಹೋದೆವು. ಅಮ್ಮನ ಸೊಂಟ ನೋವೆಂದು ಅವಳನ್ನು ಗಾಡಿಯಲ್ಲೇ ಕೂರಿಸಿ, ಸಾಲು ಎಷ್ಟಿದೆಯೆಂದು ನೋಡಲು ನಾನೊಬ್ಬಳೇ ಒಳಗೆ ಹೋದೆ. ಸಾಲೇ ಇರಲಿಲ್ಲ. ಮೇಜಿನ ಹತ್ತಿರ ಹೆಸರು ಹೇಳಿದರೆ ಅಲ್ಲಿದ್ದ ಹುಡುಗಿ ಪಟ್ಟಿ ನೋಡಿ ಮುಖ ಕೆಳಗೆ ಹಾಕಿದಳು. ನನ್ನ ಹೆಸರಿನಲ್ಲಿ ಯಾರೋ ಆಗಲೇ ಸಹಿ ಮಾಡಿ ಓಟು ಹಾಕಿ ಹೋಗಿದ್ದರು. ಕೆಳಗೆ ಅಮ್ಮನದೂ ಆಗಿತ್ತು. ಪಕ್ಷಗಳ ಏಜೆಂಟರ ಬೆಂಚಿನ ಮೇಲೆ ತಪನ್ ಇದ್ದ. ಅವನೇ ಹಾಕಿಸಿದ ಎಂದು ನಾನು ಹೇಳಲಾರೆ, ನೋಡಿಲ್ಲ. ಆದರೆ ನನ್ನನ್ನು ಕಂಡು ಅವನ ಮುಖ ಕಪ್ಪಿಟ್ಟಿತು. ನೀವೇ ನೋಡಿಕೊಳ್ಳಿ ಎಂದವಳು ಯಾಕೆ ಬಂದಳು ಎಂದು ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು.

ಅಧಿಕಾರಿ, ಅಂದರೆ ನಿನ್ನ ಆ ಮೇಷ್ಟರು, ಎದ್ದು ಬಂದರು. ಇಂಥ ಸಂದರ್ಭಕ್ಕೆ ಬೇರೆ ಮತಪತ್ರ ಇರುತ್ತದೆ, ಮುದ್ರೆ ಒತ್ತಿ ಲಕೋಟೆಯಲ್ಲಿ ಇಡುತ್ತೇವೆ, ಬೇಕೇ ಎಂದು ಕೇಳಿದರು. ಅದು ನನಗೆ ಹೊಸತಲ್ಲ. ಬ್ಯಾಂಕಿನವರನ್ನು ಚುನಾವಣೆ ಕೆಲಸಕ್ಕೆ ಹಾಕಿದಾಗ ನನಗೂ ತರಬೇತಿ ಆಗಿತ್ತು. ಆ ಕಾಗದ ಎಣಿಕೆಗೆ ಬಾರದಿದ್ದರೂ, ನಮ್ಮ ಹೆಸರಿನಲ್ಲಿ ಬೇರೆಯವರು ಹಾಕಿದರು ಎಂಬುದಾದರೂ ದಾಖಲಾಗುತ್ತಿತ್ತು. ಎರಡು ಸಹಿ, ಅಷ್ಟೇ ಕೆಲಸ. ಬೆಂಚಿನ ಮೇಲೆ ತಪನ್ ಇದ್ದಾನೆ. ನಾಳೆ ಅಮ್ಮ ಬಿದ್ದರೆ ಮತ್ತೆ ಅವನೇ ಬರಬೇಕು. ಬೇಡ ಎಂದೆ.

ಅಲ್ಲಿಗೆ ಎದ್ದು ಬಂದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಬಾಗಿಲವರೆಗೆ ಹೋದವಳು ತಿರುಗಿ ಬಂದೆ. ಸಂಜೆ ಗ್ಯಾರೇಜಿನಲ್ಲಿ ಬೌದಿ ಟಾರ್ಚ್ ಹಿಡಿದು ನಿಂತಿರುತ್ತಾರೆ. ನಾನು ಕೈ ಚಾಚಿ, “ಶಾಯಿ ಮಾತ್ರ ಹಾಕಿಬಿಡಿ” ಎಂದೆ.

ಮೇಷ್ಟರು ನನ್ನನ್ನು ಒಂದು ಗಳಿಗೆ ನೋಡಿದರು. ಗಲಾಟೆಯಿಲ್ಲದೆ ಮುಗಿಯಲಿ ಎಂದಿರಬೇಕು, ಅಥವಾ ನನ್ನ ಮೇಲೆ ಕನಿಕರವೋ ಏನೋ, ಹಾಕು ಎಂದು ಹುಡುಗಿಗೆ ಸನ್ನೆ ಮಾಡಿದರು. ಅವರು ಮಾಡಿದ್ದು ಸರಿಯಲ್ಲ, ಆದರೆ ಬೇಡಿದವಳು ನಾನು. ನಮ್ಮೂರಿನ ಶಾಯಿ ಎಂದು ಅಪ್ಪ ಮೆರೆಯುತ್ತಿದ್ದುದನ್ನು ನಾನು ಹಾಗೆ ಭಿಕ್ಷೆ ಬೇಡಿ ಹಾಕಿಸಿಕೊಂಡೆ.

ಹೊರಗೆ ಬಂದರೆ ಅಮ್ಮ ಆಗಲೇ ಗಾಡಿಯಿಂದ ಒಂದು ಕಾಲು ಇಳಿಸಿದ್ದಳು. “ನಿನ್ನದಾಯ್ತಲ್ಲ, ಈಗ ನನ್ನ ಕರ್ಕೊಂಡ್ಹೋಗು” ಎಂದಳು. ನಿನ್ನ ಓಟು ಯಾರೋ ಹಾಕಿದ್ದಾರೆ ಎಂದರೆ ಅವಳು ಸುಮ್ಮನಿರುವವಳಲ್ಲ, ಒಳಗೆ ಹೋಗಿ ಕೇಳುತ್ತಿದ್ದಳು, ರೊನೋ ದಾನಿಂದ ಪಾಠ ಕಲಿತವಳು. ಬಾಯಿಗೆ ಬಂದದ್ದು ಹೇಳಿದೆ, ನಿನ್ನ ಹೆಸರು ಪಟ್ಟಿಯಲ್ಲಿ ಇಲ್ಲ ಅಮ್ಮ ಎಂದು. ಅವಳು ಇಳಿಸಿದ ಕಾಲನ್ನು ಮೇಲೆತ್ತಿ ಇಟ್ಟುಕೊಂಡು ಕೂತಳು.

ಆಮೇಲೆ ನಾನು ಹೋಗಿ ನಿನ್ನ ಪುಟ ಓದಿದೆ. ‘ಹಾಗಾದರೆ ನೀನು ಹಾಕಿಲ್ಲ, ಓಣಿ ಹಾಕಿದೆ’ ಎಂಬಲ್ಲಿಗೆ ಬಂದಾಗ ನಾಲಿಗೆ ತೊಡರಿತು. ಗದ್ಗದವಾಯಿತೆಂದು ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು. ಬೆರಳು ಎತ್ತಿ ಎಂದರು, ಎತ್ತಿದೆ. ನಿನ್ನ ಗೋಡೆಯ ಮೇಲಿರುವುದು ಆ ಬೆರಳು. ತೆಗೆದುಬಿಡು.

ಆ ದಿನದಿಂದ ಅಮ್ಮ ಬಾಲ್ಕನಿಗೆ ಹೋಗುತ್ತಿಲ್ಲ. ಮೀನಿನವಳು ಕೂಗಿದರೆ, ತರಕಾರಿಯವನು ಕೂಗಿದರೆ, ಮೊದಲಾದರೆ ಬಗ್ಗಿ ಮಾತಾಡಿಸುತ್ತಿದ್ದಳು. ಈಗ ಒಳಗೇ ಕೂತಿರುತ್ತಾಳೆ. ಮೊನ್ನೆ, ಮೈಸೂರಿನ ಚಿಕ್ಕಮ್ಮನ ಮನೆಗೆ ಹೋಗಿ ಇದ್ದುಬಿಡಲೇ, ಇಲ್ಲಿಯವರಿಗೆ ನಾನು ಬೇಡವಾದೆನಲ್ಲ ಎಂದು ಕೇಳಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಅಕ್ಕ


ಹಾಫ್ಲಾಂಗ್
28 ಜುಲೈ 2024

ಅಕ್ಕ,

ದೂರು ಹರಿದುಹಾಕಿದೆ. ಪುಣ್ಯಕ್ಕೆ ಇನ್ನೂ ಕಳಿಸಿರಲಿಲ್ಲ. ಫೋಟೋ ತೆಗೆದಿದ್ದೇನೆ. ಹುಡುಗರು ಯಾಕೆ ಸರ್ ಎಂದರು. ಗೋಡೆಗೆ ತೇವ ಬಂದಿದೆ ಎಂದು ಹೇಳಿದೆ, ನಾನೂ ಸುಳ್ಳು ಹೇಳಿದೆ.

ನಿನ್ನ ಮೇಲೆ ಕೋಪ ಬಂದಿತ್ತು. ಎರಡು ದಿನ ಕಾಗದ ಮುಟ್ಟಲಿಲ್ಲ. ಚಂದದ ಮಾತು ಬರೆದು ಕಳಿಸಿ ನಿನ್ನ ಕೈಯಲ್ಲಿ ಓದಿಸಿದವನು ನಾನು ಎಂದು ಆಮೇಲೆ ಹೊಳೆಯಿತು. ಆಮೇಲೆ ಇನ್ನೊಂದೂ ನೆನಪಾಯಿತು, ಅದನ್ನು ನಿನಗೆ ಬರೆದಿರಲಿಲ್ಲ. ಅಮ್ಮ ಫೋನಿನಲ್ಲಿ ಅತ್ತ ದಿನ ನಾನು ಸಮಾಧಾನಕ್ಕೆಂದು, “ಹೋಗ್ಲಿ ಬಿಡಮ್ಮ, ಎಷ್ಟಾದ್ರೂ ನಾವು ಹೊರಗಿನವ್ರು” ಎಂದಿದ್ದೆ. ಅವಳಿಗೆ ಮೈಸೂರಿಗೆ ಹೋಗುವ ಯೋಚನೆ ಬಂದದ್ದು ನಿನ್ನ ಸುಳ್ಳಿನಿಂದ ಮಾತ್ರವಲ್ಲ. ನನಗೂ ಮುಖವೆತ್ತಲು ಆಗುತ್ತಿಲ್ಲ.

ಆದರೆ ಹೇಳಬೇಕಾದವಳು ನೀನು. ನಾನು ಫೋನಿನಲ್ಲಿ ಹೇಳುವುದಿಲ್ಲ, ಬರೆದೂ ಹೇಳುವುದಿಲ್ಲ. ಅಮ್ಮನ ಎದುರು ಕೂತು ನೀನೇ ಹೇಳು.

ಶ್ರೀವತ್ಸ


ಟಾಲಿಗಂಜ್
5 ಆಗಸ್ಟ್ 2024

ಶ್ರೀವತ್ಸಾ,

ನಿನ್ನೆ ಭಾನುವಾರ ಹೇಳಿದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಪಕ್ಕದಲ್ಲಿ ನೆಲದ ಮೇಲೆ ಕೂತು, ತಪನನಿಗೆ ಆಡಿದ ಮಾತಿನಿಂದ ಹಿಡಿದು ಎಲ್ಲ ಹೇಳಿದೆ. ಶಾಯಿ ಬೇಡಿದ್ದನ್ನೂ ಬಿಡಲಿಲ್ಲ. ಅವಳ ಕೈ ನಿಲ್ಲಲಿಲ್ಲ, ನಾರು ತೆಗೆಯುತ್ತಲೇ ಕೇಳಿದಳು. ಬೈಯಲಿ ಎಂದು ಕಾದೆ. ಎರಡು ಏಟು ಹಾಕಿದ್ದರೂ ಹಗುರವಾಗುತ್ತಿತ್ತು.

“ಹಾಗಾದ್ರೆ ನನ್ನ ಹೆಸರು ಇದೆ?” ಎಂದಳು.

ಇದೆ ಅಮ್ಮ, ನನ್ನ ಹೆಸರಿನ ಕೆಳಗೇ ಇದೆ ಎಂದೆ. ತೋರಿಸು ಎಂದಳು. ನೀನು ನೋಡಿದ ಹಾಗೆಯೇ ಫೋನಿನಲ್ಲಿ ತೆಗೆದು ತೋರಿಸಿದೆ. ಕನ್ನಡಕ ಹಾಕಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟು ತನ್ನ ಹೆಸರು, ಅಪ್ಪನ ಹೆಸರು ಎರಡನ್ನೂ ಓದಿಕೊಂಡಳು. ಆಮೇಲೆ ಹುರುಳಿಕಾಯಿ ಪಲ್ಯಕ್ಕೆ ಕಾಯಿ ತುರಿ ಎಂದಳು, ಅಷ್ಟೇ. ಅನೇಕ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು. ಸಂಜೆ ಬಾಲ್ಕನಿಗೆ ಹೋಗಿ ಕೂತಳು. ತಪನ್ ಕೆಳಗೆ ಹೋಗುತ್ತಿದ್ದವನು ತಲೆಯೆತ್ತಿ, ಮಾಶಿಮಾ ಹೇಗಿದ್ದೀರಿ ಎಂದ. ಇದ್ದೇನಪ್ಪ ಎಂದಳು. ನಾನು ಒಳಗಿನಿಂದ ಕೇಳಿಸಿಕೊಂಡೆ. ಇಷ್ಟಕ್ಕೇ ಕ್ಷಮಿಸಿಬಿಟ್ಟಳಲ್ಲ ಎಂದು ನನಗೆ ಸಮಾಧಾನವಾಯಿತು. ನಾನು ಎಂಥವಳು ನೋಡು, ಸಮಾಧಾನಕ್ಕೆ ಅಷ್ಟು ಬೇಗ ಒಪ್ಪಿಕೊಂಡೆ.

ಈ ಬೆಳಿಗ್ಗೆ ಬ್ಯಾಂಕಿಗೆ ಹೊರಟಿದ್ದೆ. ಕಾಫಿ ಕೊಡಲು ಹೋದರೆ ಅಮ್ಮ ಲೋಟ ತೆಗೆದುಕೊಳ್ಳದೆ ನನ್ನ ಮುಖವನ್ನೇ ನೋಡಿದಳು. ರಾತ್ರಿಯೆಲ್ಲ ಯೋಚಿಸಿರಬೇಕು, ಕಣ್ಣು ಕೆಂಪಾಗಿತ್ತು.

“ವಂದನಾ, ಓಟು ಕೇಳೋಕೆ ಬಂದೋರಲ್ಲಿ ಅವಳು ಒಬ್ಬಳೇ ಕಣೆ ನಿಂತು ನನಗೆ ಉತ್ತರ ಕೊಟ್ಟಿದ್ದು. ನನ್ನ ಓಟು ಯಾರಿಗೆ ಹೋಯ್ತು?”

ಗೊತ್ತಿಲ್ಲ ಅಮ್ಮ ಎಂದೆ.

ಅಕ್ಕ